ಎಡಗೈಯ ಉಂಗುರದ ಬೆರಳು

ಚಾಮರಾಜನಗರದ ಮಲೇರಿಯಾ ಕಚೇರಿಯಲ್ಲಿ ಕೂತು ಅಂಕಿಅಂಶ ಬರೆಯುತ್ತಿದ್ದವನು ನಾನು. ಹರವೆ ಕಡೆ ಮನೆಮನೆ ತಿರುಗಿ, ಜ್ವರ ಬಂದವರ ಬೆರಳು ಚುಚ್ಚಿ ರಕ್ತದ ಸ್ಲೈಡು ತರುತ್ತಿದ್ದವರು ನಮ್ಮ ಹಿರಿಯ ಆರೋಗ್ಯ ಕಾರ್ಯಕರ್ತರೊಬ್ಬರು. "ಇರುವೆ ಕಚ್ದಂಗೆ, ಅಷ್ಟೇ ಕಣವ್ವ" ಎನ್ನದೆ ಸೂಜಿ ಮುಟ್ಟಿದವರಲ್ಲ.

ಒಮ್ಮೆ ತಿಂಗಳಿಡೀ ಅವರ ರಾಶಿ ಸ್ಲೈಡುಗಳಲ್ಲಿ ಒಂದರಲ್ಲೂ ಮಲೇರಿಯಾ ಸಿಗಲಿಲ್ಲ. ಎಲ್ಲಕ್ಕೂ ನಿಮ್ಮ ರಕ್ತವನ್ನೇ ಸವರಿದ್ದೀರೇನು, ನೌಕರಿ ಹೋದೀತು ಎಂದು ರೇಗಿದೆ.

"ಬನ್ನಿ ಸಾ, ನೋಡ್ಕೊಂಡು ಬರನ" ಎಂದು ಸೈಕಲ್ಲಿನ ಕ್ಯಾರಿಯರ್ ತಟ್ಟಿದರು.

ಊರು ಹೊಕ್ಕು ಬೆಲ್ ಬಾರಿಸಿದ್ದೇ ತಡ, ಮಕ್ಕಳು, ಮುದುಕರು, ಎಮ್ಮೆ ತೊಳೆಯುತ್ತಿದ್ದವರು, ಎಲ್ಲರೂ ಎಡಗೈಯ ಉಂಗುರದ ಬೆರಳೆತ್ತಿ ಓಡಿಬಂದರು!

"ಜ್ವರ ಗಿರ ಏನಿಲ್ಲ ಕಣಪ್ಪ. ನೀ ಬಂದಿದ್ದೀಯಲ್ಲ, ಚುಚ್ಬುಡು!" ಎಂದಳು ಅಜ್ಜಿಯೊಬ್ಬಳು.

ನಕ್ಕು ನಕ್ಕು ಕ್ಯಾರಿಯರಿನಿಂದ ಜಾರಿಬಿದ್ದೆ. ನೋಡಿದರೆ ನನ್ನ ಬೆರಳೂ ಮೇಲೆದ್ದಿತ್ತು.