ಒತ್ಸಿಲೆ ಸೋತ ಚುನಾವಣೆಗಳು

ಒತ್ಸಿಲೆ ನಮ್ಮ ಮೊಸೆತ್ಲೆಂಗ್ ಊರಿನ ದನಗಾಹಿಯೊಬ್ಬನ ಮಗ. ಮೀಸೆ ಮೂಡುವ ಮೊದಲೇ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗೆ ಇಳಿದವನು, ಅಲ್ಲಿನ ಆಳುಗಳ ಗುಟ್ಟಿನ ಸಭೆಗಳಲ್ಲಿ ಕೂತು, ಬಿಳಿಯರ ಆಳ್ವಿಕೆ ಹಣೆಬರಹವೇನಲ್ಲ ಎಂದು ತಿಳಿದುಕೊಂಡು ಊರಿಗೆ ಮರಳಿದ. ತಂದದ್ದು ಒಂದು ಸೈಕಲ್ಲು, ವಾಸಿಯಾಗದ ಕೆಮ್ಮು.

ಬೋಟ್ಸ್ವಾನಾವನ್ನು ಆಗ ಇಂಗ್ಲಿಷರು ಆಳುತ್ತಿದ್ದರು. ಒತ್ಸಿಲೆ ಮರಳು ತುಂಬಿದ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಊರೂರಿಗೆ ಹೋಗಿ, ಮರದಡಿ ಜನ ಸೇರಿಸಿ, ನಮ್ಮನ್ನು ನಾವೇ ಆಳಿಕೊಳ್ಳಬೇಕು ಎನ್ನುತ್ತಿದ್ದ. ಗಂಡ ಹೇಳಿದವರಿಗೆ ಹೆಂಡತಿ ಓಟು ಹಾಕಬೇಕಿಲ್ಲ ಎಂದೂ ಹೇಳುತ್ತಿದ್ದ. ಅದಕ್ಕೆ ಗಂಡಸರು ಎದ್ದು ಹೋಗುತ್ತಿದ್ದರು. ಅಪ್ಪಣೆಯಿಲ್ಲದೆ ಸಭೆ ನಡೆಸಿದ್ದಕ್ಕೆ ಊರಿನ ಒಡೆಯ ಅವನನ್ನು ಪಂಚಾಯ್ತಿಗೆ ಕರೆಸಿ ಒಂದು ಎತ್ತು ದಂಡ ಹಾಕಿದ. ಒತ್ಸಿಲೆ ತಾನೇ ಎತ್ತನ್ನು ಹೊಡೆದುಕೊಂಡು ಬಂದು ಕಟ್ಟಿದ.

“ತಗೊಳ್ಳಿ ಒಡೆಯಾ. ಇದಕ್ಕೆ ಮಾತು ಬರಲ್ಲ, ನಿಮಗೇನೂ ತೊಂದ್ರೆ ಇಲ್ಲ” ಎಂದ.

ಆ ಎತ್ತು, ಅವನು ಮದುವೆಯಾಗಬೇಕಿದ್ದ ಕೆಲೆಬೊನೆಯ ಅಪ್ಪನಿಗೆ ಕನ್ಯಾಶುಲ್ಕವಾಗಿ ಕೊಡಲೆಂದು ತೆಗೆದಿಟ್ಟದ್ದು. ಹೆಣ್ಣಿನಪ್ಪ ಸಿಡುಕಿದ, ಮದುವೆ ಮುಂದಕ್ಕೆ ಹೋಯಿತು. ಕೆಲೆಬೊನೆ ಮಾತ್ರ ಬೇರೆ ಗಂಡನ್ನು ಒಪ್ಪದೆ ಕಾದು, ಅವನನ್ನೇ ಮದುವೆಯಾದಳು.

ಸ್ವಾತಂತ್ರ್ಯ ಬಂತು. ಓಟು ಮಾತ್ರ ಒತ್ಸಿಲೆಗೆ ಬೀಳದೆ, ಅವನೆದುರು ನಿಂತ ಲೆಸೊಲೆಗೆ ಹೋಯಿತು. ಲೆಸೊಲೆಗೆ ಲೆಕ್ಕವಿಲ್ಲದಷ್ಟು ದನ, ಒಡೆಯನ ಸ್ನೇಹ. ಹೋರಾಟದ ದಿನಗಳಲ್ಲಿ ತುಟಿ ಬಿಚ್ಚಿದವನಲ್ಲ. ದನ ಸಾಕಿದವನು ದೇಶ ಸಾಕಿಯಾನು ಎಂದು ಜನ ನಂಬಿದರು. ಒತ್ಸಿಲೆ ಎರಡು ದಿನ ಊಟ ಬಿಟ್ಟ. ಆಮೇಲೆ ಎದ್ದು ವಿರೋಧ ಪಕ್ಷದ ಕೆಲಸಕ್ಕೆ ನಿಂತ.

ಅಲ್ಲಿಂದ ಅದೇ ಅವನ ಬದುಕು. ಚುನಾವಣೆ ಇರಲಿ ಬಿಡಲಿ, ಶನಿವಾರ ಸಂತೆ ಬಯಲಿನಲ್ಲಿ ಹಳೇ ಪೆಟ್ಟಿಗೆಯ ಮೇಲೆ ನಿಂತು ಲೆಸೊಲೆಯ ನೀರಿಳಿಸುತ್ತಿದ್ದ. ಕೊಳವೆಬಾವಿ ಎಲ್ಲಿ ಎಂದು ಮಳೆಗಾಲವಿಡೀ ಕೇಳಿದ, ಚಳಿಗಾಲಕ್ಕೆ ಬಾವಿ ಬಂತು. ಆಸ್ಪತ್ರೆಗೆ ನರ್ಸ್ ಬಂದದ್ದೂ ಹಾಗೆಯೇ. ಜನ ನಗುತ್ತ ಕೇಳಿ, ಚಪ್ಪಾಳೆ ತಟ್ಟಿ, ಮತ್ತೆ ಲೆಸೊಲೆಯನ್ನೇ ಗೆಲ್ಲಿಸುತ್ತಿದ್ದರು.

ಒಂದು ಸಲ ಕೂದಲೆಳೆಯಲ್ಲಿ ಸೋತ. ಮನೆಗೆ ಬಂದು, ಒಲೆಯ ಮುಂದೆ ಕೂತು, ಯಾರು ಕೈಕೊಟ್ಟರು ಎಂದು ಒಬ್ಬೊಬ್ಬರ ಹೆಸರೆತ್ತಿ ಬೈಯತೊಡಗಿದ. ಜೋಳದ ಮುದ್ದೆ ತೊಳಸುತ್ತಿದ್ದ ಕೆಲೆಬೊನೆ ಕೋಲು ನಿಲ್ಲಿಸಲಿಲ್ಲ.

“ಅವರನ್ಯಾಕೆ ಬೈತೀರಿ ನಾಲೆಡಿ ಅಪ್ಪಾ? ನಾನೇ ಲೆಸೊಲೆಗೆ ಹಾಕಿದ್ದು.”

“ಈ ಸಲಾನಾ?”

“ಎಲ್ಲಾ ಸಲಾನೂ.”

ಮಗಳು ನಾಲೆಡಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

“ಗಂಡ ಕೇಳೋ ಹಂಗಿಲ್ಲ ಅಂತ ಸಭೇಲಿ ಹೇಳಿದ್ದು ನೀವೇ. ಆದ್ರೂ ಹೇಳ್ತೀನಿ” ಎಂದಳು ಕೆಲೆಬೊನೆ. “ನೀವು ಗೆದ್ದು ಎಂಪಿ ಆಗಿ ಗಾಬೊರೋನ್‌ಗೆ ಹೋದ್ರೆ ನಿಮ್ಮ ಬೆನ್ನು ಹತ್ತೋರ್ಯಾರು? ಲೆಸೊಲೆನಾ? ಅವನು ಮಾವನ ಮನೇಲಿ ಅಳಿಯ ಮಲಗ್ದಂಗೆ ಮಲಗ್ತಾನೆ. ಬಾವಿ ಕೆಟ್ರೆ ನಾನು ಮತ್ತೆ ಆ ಹಳ್ಳದವರೆಗೆ ಕೊಡ ಹೊರಬೇಕು.”

ಒತ್ಸಿಲೆ ಉಣ್ಣದೆ ಎದ್ದು, ಊರಾಚೆಯ ದನದ ದೊಡ್ಡಿಗೆ ಹೋಗಿಬಿಟ್ಟ. ನಾಲೆಡಿ ಬುತ್ತಿ ಕೊಟ್ಟು ಬಂದು, ಅಪ್ಪ ಯಾರೊಡನೆಯೂ ಮಾತಾಡುತ್ತಿಲ್ಲ ಎಂದಳು. ಕೆಲೆಬೊನೆ ಕರೆಯಲು ಹೋಗಲಿಲ್ಲ. ಆದರೆ ಹೊರಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟಳು.

ಮೂರನೆಯ ಶನಿವಾರ ಒತ್ಸಿಲೆ ನೇರವಾಗಿ ಸಂತೆ ಬಯಲಿಗೇ ಬಂದ. ಪೆಟ್ಟಿಗೆ ಹತ್ತಿ, ಹೆಂಡತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಊರಿಗೆ ಹೇಳಿದ. ಜನ ಬಿದ್ದು ಬಿದ್ದು ನಕ್ಕರು. ಹಿಂದೆ ಕಾರಿನಲ್ಲಿ ಕೂತಿದ್ದ ಲೆಸೊಲೆ ಮಾತ್ರ ನಗಲಿಲ್ಲ.

ಒತ್ಸಿಲೆ ಮುಂದೆಂದೂ ಚುನಾವಣೆಗೆ ನಿಲ್ಲಲಿಲ್ಲ. ಪಕ್ಷದವರು ಬೇಡಿಕೊಂಡಾಗ, ಹರೆಯದವರನ್ನು ಹುಡುಕಿ ಎಂದ. ಅವರು ನಾಲೆಡಿಯನ್ನು ನಿಲ್ಲಿಸಿದರು. ಅವಳು ಎರಡನೆಯ ಪ್ರಯತ್ನಕ್ಕೆ ಗೆದ್ದಳು. ಮುಂದಿನ ಶನಿವಾರವೇ ಒತ್ಸಿಲೆ ಕೆಮ್ಮುತ್ತ ಪೆಟ್ಟಿಗೆ ಹತ್ತಿ, ಮಗಳು ಮಾಡಿಸಿಕೊಡುತ್ತೇನೆಂದಿದ್ದ ರಸ್ತೆ ಎಲ್ಲಿ ಎಂದು ಕೇಳಿದ.