ಬಡಗು ದಿಕ್ಕಿನ ಹೆಣ್ಣು

ಟಿ.ವಿ.ಯಲ್ಲಿ ಯಾವನೋ ಮುಖಂಡ ಕೊರಳ ತುಂಬ ಹಾರ ಹಾಕಿಕೊಂಡು, ತನ್ನ ಮೇಲೆ ‘ವಿಚ್‌ಹಂಟ್’ ನಡೆಯುತ್ತಿದೆ ಎಂದು ಗೋಳಾಡುತ್ತಿದ್ದ. ಮಿಜಾರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಿದ್ದಳು. “ಅಮ್ಮ, ಹಾಗಂದ್ರೆ ಎಂತ?” ಎಂದು ಕೇಳಿದಳು.

“ಮಾಟಗಾತಿಯ ಬೇಟೆ,” ಎಂದೆ. ಹಿಂದೆ ಬೇರೆ ದೇಶಗಳಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಸುಡುತ್ತಿದ್ದರು. ಈಗ ತಪ್ಪು ಸಾಬೀತಾಗುವ ಮೊದಲೇ ಎಲ್ಲರೂ ಸೇರಿ ಒಬ್ಬರ ಬೆನ್ನು ಹತ್ತಿದರೆ ಹಾಗೆನ್ನುತ್ತಾರೆ ಎಂದೆ. ಕದ್ದು ಸಿಕ್ಕಿಬಿದ್ದವರೂ ಅದನ್ನೇ ಹೇಳುತ್ತಾರೆ, ಅದು ಬೇರೆ ಕಥೆ. ಅವಳು ಮೊಬೈಲಿಗೆ ಮರಳಿದಳು. ನನ್ನ ಮನಸ್ಸು ಮಾತ್ರ ತವರೂರು ಪುಂಜಾಲಕಟ್ಟೆಯ ಒಂದು ಜಗಲಿಗೆ ಹೋಗಿ ಕುಳಿತಿತು.

ಅದು ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಜಗಲಿ. ಸಂಬಂಧವೇನಿಲ್ಲ, ಕರೆದು ಕರೆದು ದೊಡ್ಡಮ್ಮನಾದವಳು. ಗಂಡನಿಲ್ಲ, ಮಕ್ಕಳಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸುತ್ತಲಿನ ಹೆಂಗಸರು ಎಲೆ, ಹೊಗೆಸೊಪ್ಪು ತುಂಬಿದ ಮೊರ ಹಿಡಿದು ಬೀಡಿ ಕಟ್ಟಲು ಅಲ್ಲಿ ಸೇರುತ್ತಿದ್ದರು. ಆ ಘಾಟು, ಕತ್ತರಿಯ ಸದ್ದು, ಮುಗಿಯದ ಹರಟೆ! ಈಗಲೂ ಬೇಕೆನಿಸುತ್ತದೆ. ದೊಡ್ಡಮ್ಮನಿಗೆ ಕಂಡದ್ದೆಲ್ಲ ಚಂದ. “ಅಬ್ಬ, ಎಂತ ಚಂದ ಮಾರಾಯ್ತಿ ನಿನ್ನ ಮಲ್ಲಿಗೆ!” ಎಂದು ಬಾಯಿ ತುಂಬ ಹೊಗಳುತ್ತಿದ್ದಳು.

ಒಂದು ಸಲ ನಮ್ಮ ತೆಂಕು ಬದಿಯ ಮನೆಯವರ ಹಸು ಹಾಲು ನಿಲ್ಲಿಸಿತು. ದನದ ಡಾಕ್ಟರನ್ನು ಕರೆಯುವ ಬದಲು ಅವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಲು ಹೋದರು. ಕವಡೆ ಹಾಕಿ ನೋಡಿದವನು, “ಬಡಗು ದಿಕ್ಕಿನ ಒಂದು ಹೆಣ್ಣಿನ ದೃಷ್ಟಿ ಉಂಟು,” ಎಂದನಂತೆ. ಸಾಕಲ್ಲ! ಅವರಿಗೆ ಬಡಗಿನಲ್ಲಿ ಮೊದಲು ಸಿಗುವುದು ನಮ್ಮ ಮನೆ. ಆದರೆ ಮಾತು ನಮ್ಮನ್ನು ದಾಟಿ ಹೋಗಿ ದೊಡ್ಡಮ್ಮನ ಮೇಲೆ ಬಿತ್ತು. ಹೇಳುವವರು ಕೇಳುವವರು ಇಲ್ಲದವಳು ನೋಡಿ.

ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಜಗಲಿಗೆ ಹೋಗುವುದನ್ನು ಬಿಟ್ಟರು, ಅಷ್ಟೇ. ಅವಳು ಬರುವುದು ಕಂಡರೆ ಮಕ್ಕಳನ್ನು ಒಳಗೆ ಕರೆದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಅಮ್ಮ ಮಾತ್ರ ಎಂದಿನಂತೆ ಮೊರ ಎತ್ತಿಕೊಂಡು ಹೊರಟಳು. ತೆಂಕು ಮನೆಯಾಕೆ ತಡೆದಾಗ, “ನಿಮಗೆ ಬಡಗು ನಾವೇ ಅಲ್ವಾ? ನಮ್ಮನ್ನು ಯಾಕೆ ಬಿಟ್ರಿ?” ಎಂದಳು.

ಹಸು ಕರು ಹಾಕಿ ಮತ್ತೆ ಹಾಲು ಕೊಟ್ಟಿತು. ಹೆಂಗಸರೂ ಒಬ್ಬೊಬ್ಬರಾಗಿ ಜಗಲಿಗೆ ಮರಳಿದರು. ಆದರೆ ದೊಡ್ಡಮ್ಮ ಹೊಗಳುವುದನ್ನೇ ಬಿಟ್ಟಿದ್ದಳು. ಯಾರ ಮಲ್ಲಿಗೆಯನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ವರ್ಷಗಳ ನಂತರ ನಾನು ಬಾಣಂತನಕ್ಕೆ ತವರಿಗೆ ಬಂದಾಗ, ಅವಳು ಅಂಗಳದಲ್ಲೇ ನಿಂತು, “ಹುಷಾರುಂಟಾ?” ಎಂದು ನನ್ನನ್ನಷ್ಟೇ ಕೇಳಿದಳು. ಮಗುವಿನ ಕಡೆ, ಅಂದರೆ ಈಗ ಮೊಬೈಲು ಒತ್ತುತ್ತಿರುವ ಇದೇ ಮಗಳ ಕಡೆ, ತಿರುಗಲೇ ಇಲ್ಲ. ಅಮ್ಮ ಕೂಸನ್ನು ಎತ್ತಿ ಅವಳ ಕೈಗಿಟ್ಟಳು.

“ನೋಡಿ ಅಕ್ಕ. ಕಣ್ಣು ತುಂಬ ನೋಡಿ. ಚಂದ ಉಂಟಾ ಇಲ್ವಾ, ಹೇಳಿ.”

ದೊಡ್ಡಮ್ಮ ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

“ಚಂದ ಉಂಟು,” ಎಂದಳು. ಎಂದವಳೇ ಗಾಬರಿಯಾಗಿ ಕೂಸನ್ನು ಅಮ್ಮನ ಕೈಗೆ ತುರುಕಿದಳು. “ಬೇಗ ಉಪ್ಪು ಮೆಣಸು ತಾ ಮಾರಾಯ್ತಿ. ನನ್ನ ಕಣ್ಣು ತಾಗಿದ್ರೆ? ದೃಷ್ಟಿ ತೆಗೆಯುವ.”