ಸಂಜೆಯಾದರೆ ಮುಚ್ಚುತ್ತಿದ್ದ ಕಣ್ಣು

ಹಾಸನದ ಬಾಡಿಗೆ ಮನೆಗೆ ಸಾಮಾನು ಇಳಿಸಿದ ಸಂಜೆಯೇ ಮನೆಯ ಒಡತಿ ಪುಟ್ಟಗೌರಮ್ಮ ಬಂದು ನನ್ನ ಗಂಡನ ಬಾಯಿ ಮೂಸಿದರು. ನಾನು ಸೊಂಟದ ಮೇಲಿನ ಕೊಡ ಇಳಿಸುವುದನ್ನೂ ಮರೆತು ನಿಂತೆ.

"ಕುಡ್ಕರಿಗೆ ಮನೆ ಕೊಡಕಿಲ್ಲ ಅಂತ ಮೊದ್ಲೇ ಹೇಳಿದ್ದೆ ತಾನೆ?" ಎಂದವರು, ಮತ್ತೊಮ್ಮೆ ಮೂಸಿ ಹುಬ್ಬು ಗಂಟಿಕ್ಕಿದರು. "ವಾಸ್ನೇನೇ ಇಲ್ವಲ್ಲ. ಮತ್ಯಾಕಣ್ಣ ಇಂಗೆ ತೊದಲ್ತೀಯ?"

ನಮ್ಮೂರು ನುಗ್ಗೇಹಳ್ಳಿಯಲ್ಲಿ ಯಾರೂ ಹೀಗೆ ಮೂಸಿ ನೋಡಿರಲಿಲ್ಲ. ಅಲ್ಲಿ ಇವರದು ತೆಂಗಿನಕಾಯಿ ವ್ಯಾಪಾರ. ಬೆಳಗ್ಗೆ ಎಲ್ಲರಂತೆ ಇರುತ್ತಿದ್ದರು. ಹೊತ್ತು ಇಳಿದಂತೆ ರೆಪ್ಪೆ ಜೋಲುತ್ತಿತ್ತು, ಮಾತು ಮೂಗಿನಲ್ಲಿ ಬರುತ್ತಿತ್ತು, ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. ಮುದ್ದೆಯನ್ನು ಅಗಿಯದೆ ನುಂಗುವ ಜನ ನಾವು. ನುಂಗಲಾಗದವರಿಗೆ ನಮ್ಮಲ್ಲಿ ಊಟವೇ ಇಲ್ಲ. "ಏನ್ಲಾ ಕೃಷ್ಣ, ಇವತ್ತೂ ಟೈಟಾ?" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು. ಇವರು ಒಂದು ಹನಿ ಮುಟ್ಟಿದವರಲ್ಲ. ಎದುರಾಡಲು ನಾಲಿಗೆ ಏಳದೆ ನಕ್ಕು ಬರುತ್ತಿದ್ದರು. ನಗುವೂ ಸೊಟ್ಟಗಾಗುತ್ತಿತ್ತು.

ಚನ್ನರಾಯಪಟ್ಟಣದ ಡಾಕ್ಟರುಗಳ ಹತ್ತಿರ ಹೋಗುತ್ತಿದ್ದುದು ಬೆಳಗಿನ ಮೊದಲ ಬಸ್ಸಿಗೆ. ನಮ್ಮ ಕಡೆ ಆಸ್ಪತ್ರೆಗೆ ಹೋಗುವ ರೂಢಿಯೇ ಹಾಗೆ. ರಾತ್ರಿಯೆಲ್ಲ ಮಲಗಿ ಎದ್ದ ಕಣ್ಣು ಅಲ್ಲಿ ಅಗಲವಾಗಿ ತೆರೆದಿರುತ್ತಿತ್ತು. ಒಬ್ಬರು ನಿಶ್ಶಕ್ತಿ ಎಂದರು, ಒಬ್ಬರು ಲಕ್ವ ಹೊಡೆದಿರಬೇಕು ಎಂದರು. ಇನ್ನೊಬ್ಬರು ನನ್ನನ್ನು ಮಾತ್ರ ಹೊರಗೆ ಕರೆದು, ಕುಡಿತ ಬಿಡಿಸಿ ಎಂದರು.

ವ್ಯಾಪಾರ ನಿಂತ ಮೇಲೆ ನನಗೆ ಹಾಸನದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಊರಲ್ಲಿ ಕಾಯಿ ಬಿದ್ದ ಸದ್ದಿಗೇ ಯಾರ ಮರದ್ದೆಂದು ಹೇಳುತ್ತಿದ್ದವಳಿಗೆ ಇಲ್ಲಿ ಗೋಡೆಯಾಚೆ ಕೆಮ್ಮುವವರು ಯಾರೆಂದು ತಿಳಿಯಲು ಬಹಳ ಕಾಲ ಬೇಕಾಯಿತು. ಕೆಲಸದಿಂದ ನನಗೆ ಬಿಡುವಾಗುತ್ತಿದ್ದುದು ಸಂಜೆ. ಹಾಗಾಗಿ ಮೊದಲ ಸಲ ಸಂಜೆ ಹೊತ್ತಿನಲ್ಲಿ ಡಾಕ್ಟರ ಎದುರು ಕೂತೆವು.

"ಕಣ್ಣು ಮಿಟುಕಿಸ್ದೆ ಫ್ಯಾನೇ ನೋಡ್ತಿರಿ ಯಜಮಾನ್ರೆ," ಎಂದರು ಆ ಹೆಂಗಸು ಡಾಕ್ಟರು. ನೋಡುತ್ತಿದ್ದಂತೆಯೇ ರೆಪ್ಪೆಗಳು ಮೆಲ್ಲಗೆ ಇಳಿದವು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಕಣ್ಣಿನ ಮೇಲೆ ಇಟ್ಟು ತೆಗೆದಾಗ ಆ ಕಣ್ಣು ತೆರೆದುಕೊಂಡಿತು. "ಬೆಳಗ್ಗೆ ಬಂದಿದ್ರೆ ನಾನೂ ತಪ್ತಿದ್ದೆನೋ ಏನೋ," ಎಂದರು. ಆಮೇಲೆ ರಕ್ತವನ್ನೂ ಪರೀಕ್ಷೆಗೆ ಕಳಿಸಿ ಹೆಸರು ಹೇಳಿದರು: ಮಯಸ್ತೇನಿಯಾ. ನರ ಹೇಳಿದ್ದು ಮಾಂಸಖಂಡಕ್ಕೆ ಮುಟ್ಟದಂತೆ ಮೈಯೇ ತಡೆಯುವ ಕಾಯಿಲೆ. ಹೊಸ ಊರಿನಲ್ಲಿ ನಾನು ಕಲಿತ ಮೊದಲ ಹೊಸ ಮಾತು ಅದು.

ಹೊರಗೆ ಬಂದು ಇವರು ಜೋಲುವ ಗದ್ದಕ್ಕೆ ಕೈ ಆನಿಸಿಕೊಂಡು, "ನಾ ಕುಡೀತಿರ್ಲಿಲ್ಲ ಅಂತ ಊರಲ್ಲಿ ಹೇಳ್ಬುಡು ಕಣೆ," ಎಂದರು.

ಊಟಕ್ಕೆ ಮುಂಚೆ ಮಾತ್ರೆ ನುಂಗಿ ಸ್ವಲ್ಪ ಹೊತ್ತು ಕಾದರೆ ಮುದ್ದೆ ಇಳಿಯುತ್ತಿತ್ತು. ಒಂದು ದಿನ ತಟ್ಟೆ ಚಾಚಿ ಇನ್ನೊಂದು ಮುದ್ದೆ ಕೇಳಿದರು. ಪುಟ್ಟಗೌರಮ್ಮ ಬಾಗಿಲಲ್ಲೇ ನಿಂತು, "ಬಾಡ್ಗೆ ಜಾಸ್ತಿ ಮಾಡ್ಬೇಕು ಕಣಣ್ಣ, ನಿನ್ ವಟ್ಟೆ ನೋಡುದ್ರೆ," ಎಂದು ನಗಿಸಿದರು.

ಮಳೆಗಾಲದಲ್ಲಿ ಇವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಉಸಿರಾಡುವ ಶಕ್ತಿಯೂ ಸೋತಿತು. ಆಸ್ಪತ್ರೆಯಲ್ಲಿ ಉಸಿರಿನ ಮೆಷಿನ್ನಿಗೆ ಹಾಕಿದರೂ ಉಳಿಯಲಿಲ್ಲ.

ಊರಲ್ಲೇ ಮಣ್ಣು ಮಾಡಿದೆವು. ತಿಥಿಯ ದಿನ ಎಡೆ ಇಟ್ಟರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚುವುದು ನಮ್ಮ ಪದ್ಧತಿ. ಮೈದುನ ಮಂಜ ಕಣ್ಣೊರೆಸಿಕೊಳ್ಳುತ್ತ ಬಂದು ಎಲೆಯ ಪಕ್ಕ ಒಂದು ಬ್ರಾಂದಿ ಬಾಟಲಿ ಇಟ್ಟ.

"ನಿಮ್ಮಣ್ಣ ಕುಡೀತಿರ್ಲಿಲ್ಲ ಕಣೋ. ಅದು ಕಾಯ್ಲೆ."

"ಬುಡಿ ಅತ್ತಿಗೆ, ಈಗ್ಯಾಕೆ ಮುಚ್ಚಿಡೋದು? ಹೋದೋನ್ನ ಯಾರೂ ಏನೂ ಅನ್ನಕಿಲ್ಲ."

ನಾನು ಕೈ ಚಾಚಿದೆ. ಅತ್ತೆ ಮಣಿಕಟ್ಟು ಹಿಡಿದರು. "ಎಡೆಗಿಟ್ಟಿದ್ದ ಎತ್ಬಾರ್ದು ಕಣವ್ವ, ಅವ್ನು ಉಣ್ಣಗಂಟ." ಬಾಗಿಲು ಮುಚ್ಚಿತು. ಬಾಟಲಿ ಒಳಗೇ ಉಳಿಯಿತು.

ಊರಲ್ಲಿ ಹೇಳು ಎಂದಿದ್ದರು ಇವರು, ಬಾಯಲ್ಲಿ ಹೇಳಿದ್ದು ನಿಲ್ಲಲಿಲ್ಲ, ಅದಕ್ಕೇ ಬರೆದಿದ್ದೇನೆ. ಪಿತೃಪಕ್ಷಕ್ಕೆ ಈಗಲೂ ಊರಿಗೆ ಹೋಗುತ್ತೇನೆ. ಅವರ ಮಣ್ಣು ಅಲ್ಲಿದೆ, ಎಡೆಯಲ್ಲಿ ಬಾಟಲಿಯೂ ಇರುತ್ತದೆ. ಹಾಸನಕ್ಕೆ ವಾಪಸ್ಸು ಬಂದು ಈ ಪುಟ್ಟ ಮನೆಯಲ್ಲಿ ಇನ್ನೊಂದು ಎಡೆ ಇಡುತ್ತೇನೆ. "ಅಣ್ಣ ಇಲ್ಲಿಗ್ ಬತ್ತಾನೇನವ್ವ?" ಎಂದು ಪುಟ್ಟಗೌರಮ್ಮ ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಇಲ್ಲಿಯ ಎಲೆಯಲ್ಲಿ ಎರಡು ಮುದ್ದೆ ಇರುತ್ತವೆ. ಕೆಲಸಕ್ಕೆ ರಜೆ ಹಾಕಿ ಬೆಳಗ್ಗೆಯೇ ಇಡುತ್ತೇನೆ. ಸಂಜೆಯಾದರೆ ಅವರಿಗೆ ನುಂಗಲು ಆಗುವುದಿಲ್ಲ.